ಮೂವತ್ತು ದಿನ ಮುಟ್ಟಬಾರದು

ಅಕ್ಕನ ಮಗಳು ಪುಟ್ಟಿಯ ಮುಂದಿನ ಹಲ್ಲು ಬಿದ್ದ ಫೋಟೋಗೆ ನಾನು ಹಾರ್ಟ್ ಒತ್ತಿರಲಿಲ್ಲ.

"ಮಧ್ಯಾಹ್ನ ಎರಡೂ ಹತ್ತಕ್ಕೆ ನಿನ್ನಿಂದಲೇ ಬಂದಿದೆ," ಅಂದಳು ಅಕ್ಕ, ಫೋನಿನಲ್ಲಿ. "ಕೆಲಸದ ಹೊತ್ತಲ್ಲಿ ಫೋನ್ ನೋಡೋಕೆ ಬಿಡ್ತಾರಾ ಈಗ?"

ಬಿಡುವುದಿಲ್ಲ. ನಾನು ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಹೊಲಿಗೆ ಬಿಟ್ಟಲ್ಲಿ, ಎಣ್ಣೆ ಕಲೆ ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ನನ್ನ ಕೆಲಸ. ಬೆಳಿಗ್ಗೆ ಒಳಗೆ ಬರುವಾಗಲೇ ನಮ್ಮ ಫೋನುಗಳನ್ನು ಗೇಟಿನ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಗೇಟಿನಲ್ಲಿ ಇಬ್ಬರು ವಾಚ್‌ಮನ್‌ಗಳು. ಒಬ್ಬ ಬಂದ ಗಾಡಿಯ ನಂಬರನ್ನು ಗಟ್ಟಿಯಾಗಿ ಕೂಗುತ್ತಾನೆ, ಇನ್ನೊಬ್ಬ ಗೂಡಿನೊಳಗೆ ಕೂತು ಬರೆದುಕೊಳ್ಳುತ್ತಾನೆ. ಆ ಗೂಡಿನಲ್ಲೇ ಪೆಟ್ಟಿಗೆ. ಎರಡೂ ಹತ್ತಕ್ಕೆ ನನ್ನ ಫೋನು ಅಲ್ಲಿತ್ತು.

"ನಾನಲ್ಲ ಅಕ್ಕ."

ಇಬ್ಬರಿಗೂ ನೆನಪಾದದ್ದು ಬಾವ.

ಬಾವನ ವಿಷಯಕ್ಕೆ ಈಗಲೂ ನನ್ನ ಬಾಯಲ್ಲಿ ಬಹುವಚನವೇ ಬರುತ್ತದೆ. ಅಕ್ಕನ ಎಡಗೈಯ ಎರಡು ಬೆರಳುಗಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಎಳೆದವರು ಅವರು. ನಾಲ್ಕು ತಿಂಗಳ ಹಿಂದೆ ಅಕ್ಕ ಮಗಳನ್ನು ಎತ್ತಿಕೊಂಡು ಉಟ್ಟ ಬಟ್ಟೆಯಲ್ಲಿ ಹೊರಟುಬಿಟ್ಟಳು. ದೂರದ ಊರಿನಲ್ಲಿ ಬಿಸ್ಕತ್ತು ಪ್ಯಾಕ್ ಮಾಡುವ ಕೆಲಸ ಹಿಡಿದಳು. ಎಲ್ಲಿದ್ದಾಳೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ದಿನಾ ಪುಟ್ಟಿಯ ಫೋಟೋವನ್ನು ನನ್ನ ಅಕೌಂಟಿಗೆ ಕಳಿಸುತ್ತಿದ್ದಳು. ಒಂದರಲ್ಲಿ ಪುಟ್ಟಿ ಶಾಲೆಯ ಗೇಟಿಗೆ ಒರಗಿ ನಿಂತಿದ್ದಾಳೆ. ತಲೆಯ ಮೇಲೆ ಬೋರ್ಡು. ಶಾಲೆಯ ಹೆಸರು, ರಸ್ತೆ, ಊರು ಎಲ್ಲವನ್ನೂ ಓದಬಹುದು.

ಆ ಅಕೌಂಟನ್ನು ತೆರೆದುಕೊಟ್ಟವರು ಬಾವನೇ. ಆಗ ಅವರ ಮದುವೆಯ ಹೊಸತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದೆಲ್ಲ ಬರುತ್ತಿರಲಿಲ್ಲ. ತಮ್ಮ ಫೋನಿನಲ್ಲಿ, ತಮ್ಮ ಆಗಿನ ನಂಬರು ಕೊಟ್ಟು, ಪಾಸ್‌ವರ್ಡಿಗೆ ತಮ್ಮ ಬೈಕಿನ ನಂಬರನ್ನೇ ಎರಡು ಸಲ ಒತ್ತಿದ್ದರು. ನಾಲ್ಕು ಒಂದು ಸೊನ್ನೆ ಏಳು, ನಾಲ್ಕು ಒಂದು ಸೊನ್ನೆ ಏಳು.

ಮರುದಿನ ಸಂಜೆ ಗೇಟಿನ ಹೊರಗೆ ಬಟನ್ ಅಕ್ಕನಿಗೆ ಫೋನು ಕೊಟ್ಟೆ. ಅವಳು ಬಟನ್ ಮಷೀನಿನಲ್ಲಿ ಕೂರುವವಳು, ನಮ್ಮಲ್ಲಿ ಫೋನಿನ ಒಳಗುಟ್ಟೆಲ್ಲ ಬಲ್ಲವಳು. ಎಲ್ಲೋ ಒತ್ತಿ, ಎಲ್ಲೋ ತೆರೆದು, ಒಂದು ಪಟ್ಟಿ ತೋರಿಸಿದಳು. ನನ್ನ ಅಕೌಂಟು ಎರಡು ಕಡೆ ತೆರೆದಿತ್ತು. ಒಂದು ನನ್ನ ಫೋನು. ಇನ್ನೊಂದು ಹಳೇ ಫೋನು, ಬಾವನ ಊರಿನಲ್ಲಿ. ಅದನ್ನು ತೆರೆದದ್ದು ಆವತ್ತೂ ಮಧ್ಯಾಹ್ನ ಎರಡೂ ಹತ್ತಕ್ಕೆ.

"ಇದನ್ನ ಹೊರಗೆ ಹಾಕೋಣ," ಎಂದು ಒತ್ತಿದಳು. ಕೋಡ್ ಕೇಳಿತು. ಕೋಡ್ ಬಾವನ ಆಗಿನ ನಂಬರಿಗೆ ಹೋಗಿತ್ತು. ಆ ಸಿಮ್ಮನ್ನು ಅವರು ಬಿಸಾಕಿ ಎರಡು ವರ್ಷವಾಗಿದೆ. ಪಾಸ್‌ವರ್ಡ್ ಬದಲಾಯಿಸಲು ಹೋದರೂ ಅದೇ ಸತ್ತ ನಂಬರು.

"ಫೋಟೋಗಳನ್ನ ಒಂದೊಂದಾಗಿ ಅಳಿಸಲಾ?"

"ಎಲೆ ಕಿತ್ರೆ ಬೇರು ಸಾಯುತ್ತಾ? ಅಕೌಂಟನ್ನೇ ತೆಗಿ."

ಅದಕ್ಕೆ ಬರೀ ಪಾಸ್‌ವರ್ಡ್ ಸಾಕಾಯಿತು. ಅಕೌಂಟು, ಫೋಟೋ, ಮಾತುಕತೆ ಎಲ್ಲ ಶಾಶ್ವತವಾಗಿ ಅಳಿಯುತ್ತದೆ, ಆದರೆ ಮೂವತ್ತು ದಿನ ಬೇಕು, ಅಷ್ಟರೊಳಗೆ ಯಾರಾದರೂ ಒಮ್ಮೆ ಒಳಗೆ ಬಂದರೆ ರದ್ದು ಎಂದು ಬರೆದಿತ್ತು.

"ಅಂದ್ರೆ ಮೂವತ್ತು ದಿನ ಮುಟ್ಟಬಾರದು. ಹೋಯ್ತಾ ಇಲ್ವಾ ಅಂತ ಇಣುಕಿದೆಯೋ, ಹೆಣ ಎದ್ದು ಕೂರುತ್ತೆ," ಅಂದಳು ಬಟನ್ ಅಕ್ಕ. "ನೋಡೋ ಕೆಲಸ ನನಗೆ ಬಿಡು. ನನ್ನ ಫೋನಲ್ಲಿ ದಿನಾ ನಿನ್ನ ಹುಡುಕ್ತೀನಿ. ಕಾಣದಿದ್ರೆ ಕ್ಷೇಮ."

ದಿನಾ ಸಂಜೆ ಅವಳು ಹುಡುಕಿ, "ಇಲ್ಲಮ್ಮ ನೀನು, ಸತ್ತಿದ್ದೀಯ, ಟೀ ಕುಡಿ ಬಾ," ಅನ್ನುತ್ತಿದ್ದಳು. ಒಂಬತ್ತನೆಯ ಸಂಜೆ ಏನೂ ಅನ್ನಲಿಲ್ಲ. ಫೋನನ್ನು ನನ್ನತ್ತ ತಿರುಗಿಸಿದಳು. ಅದರಲ್ಲಿ ನನ್ನ ಮುಖವಿತ್ತು.

ಅಷ್ಟರಲ್ಲಿ ಅಕ್ಕನ ಕರೆ ಬಂತು.

"ನಿನ್ನ ಕಡೆಯಿಂದ ಒಂದು ವಾಯ್ಸ್ ಬಂದಿದೆ. ನನಗೊಬ್ಬಳಿಗೇ ಕೇಳೋಕೆ ಧೈರ್ಯ ಇಲ್ಲ. ನೀನೂ ಇರು, ಹಾಕ್ತೀನಿ."

ಮೊದಲು ಫ್ಯಾನಿನ ಕಟಕಟ ಕೇಳಿತು. ಬಾವನ ಮನೆಯ ನಡುಕೋಣೆಯ ಫ್ಯಾನು, ನನಗೆ ಗೊತ್ತು. ಆಮೇಲೆ ಉಸಿರು. ಆಮೇಲೆ ಒಂದು ಮುದಿ ದನಿ: "ಹಲ್ಲು ಬಿತ್ತಾ ನನ್ನ ಬಂಗಾರಕ್ಕೆ? ಎಲ್ಲಿ, ಅಜ್ಜಿಗೆ ತೋರಿಸು. ಅಯ್ಯೋ, ಕಿಟಕಿ ಬಂದುಬಿಟ್ಟಿದೆ ಬಾಯಿಗೆ."

"ಅತ್ತೆ," ಅಂದಳು ಅಕ್ಕ.

ಬಾವ ಹೊಸ ಫೋನು ಕೊಂಡು ಹಳೆಯದನ್ನು ತಾಯಿಗೆ ಕೊಟ್ಟಿದ್ದರು. ಆಕೆಗೆ ಓದು ಬರುವುದಿಲ್ಲ. ಮಗ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ನನ್ನ ಮುಖದ ಮೇಲೆ ಬೆರಳಿಟ್ಟರೆ ಮೊಮ್ಮಗಳು ಬರುತ್ತಾಳೆ ಎಂದಷ್ಟೇ ಆಕೆಗೆ ಗೊತ್ತು. ಅಕೌಂಟು ಮುಚ್ಚಿದ ಮೇಲೂ ನನ್ನ ಮುಖ ಅಲ್ಲಿ ಉಳಿದಿತ್ತು, ಒತ್ತಿದರೆ ಪಾಸ್‌ವರ್ಡ್ ಕೇಳದೆ ತೆರೆಯುತ್ತಿತ್ತು. ಒಂಬತ್ತು ದಿನ ಏನಾಗಿತ್ತೋ, ಆವತ್ತು ಒತ್ತಿದ್ದಾರೆ. ಫೋಟೋದಲ್ಲಿ ಪುಟ್ಟಿಯ ಕೆನ್ನೆ ಸವರಿದ್ದಾರೆ. ಎರಡು ಸಲ ಬೆರಳು ತಾಗಿದರೆ ಹಾರ್ಟ್ ಬೀಳುತ್ತದೆ, ಕೆಳಗಿನ ಮೈಕಿಗೆ ತಾಗಿದರೆ ಆಡಿದ ಮಾತು ಹೋಗುತ್ತದೆ.

ನನಗೆ ಪಾಪ ಅನ್ನಿಸಬೇಕಿತ್ತು. ಅನ್ನಿಸಿದ್ದು ಹೆದರಿಕೆ. ಆ ಬೋರ್ಡನ್ನು ಆಕೆಗೆ ಓದಲು ಬರುವುದಿಲ್ಲ. ಅದೇ ಮನೆಯಲ್ಲಿ ಓದಲು ಬರುವವರು ಇದ್ದಾರೆ.

ಮರುದಿನ ಸೂಪರ್‌ವೈಸರಿಗೆ ಜ್ವರವೆಂದು ಸುಳ್ಳು ಹೇಳಿ, ಫೋನು ಬಿಡಿಸಿಕೊಂಡು, ಗೋದಾಮಿನ ಹಿಂದಿನ ಮೆಟ್ಟಿಲ ಮೇಲೆ ಕೂತು, ಹೇಗೂ ಎದ್ದು ಕೂತ ಅಕೌಂಟನ್ನು ತೆರೆದೆ. ಎರಡೂ ಹತ್ತಕ್ಕೆ ಅಕ್ಕ ವಾಯ್ಸ್ ಕಳಿಸಿದಳು. ನನಗೂ ಬಂತು, ಆ ಹಳೇ ಫೋನಿಗೂ ಹೋಯಿತು.

"ಅತ್ತೆ, ನಾನು. ನೀವು ಒಬ್ಬರೇ ಇದ್ರೆ ಮಾತ್ರ ಮೈಕಿನ ಗುರುತು ಒತ್ತಿ ಮಾತಾಡಿ. ನಾವು ಇದನ್ನ ಅಳಿಸಬೇಕು. ನೀವು ತೆರೆದ್ರೆ ಅದು ವಾಪಸ್ ಬರುತ್ತೆ. ಅವರ ಕೈಗೆ ಸಿಕ್ರೆ ನಮ್ಮ ಕಥೆ ಮುಗೀತು."

ಉತ್ತರ ಬರಲು ಏಳು ನಿಮಿಷ ಹಿಡಿಯಿತು. ಅದು ಯಾರ ದನಿಯಲ್ಲಿ ಬರುತ್ತದೋ ಎಂದು ನಾನು ಮೆಟ್ಟಿಲಿನ ಬಿರುಕನ್ನೇ ನೋಡುತ್ತಿದ್ದೆ.

"ಒಬ್ಬಳೇ ಇದ್ದೀನಮ್ಮ," ಅಂದರು ಆಕೆ. "ನಾನು ಯಾರಿಗೂ ಹೇಳಿಲ್ಲ. ಪಕ್ಕದ ಮನೆಯವಳು ಅವನ ಕಿವಿಯಲ್ಲಿ ಊದಿದ್ದಾಳೆ, ನಿಮ್ಮಮ್ಮ ಮಧ್ಯಾಹ್ನ ಒಬ್ಬಳೇ ನಗ್ತಾಳೆ ಅಂತ. ಮೊನ್ನೆ ಕೇಳಿದ, ಏನ್ ನೋಡ್ತೀಯ ಅಂತ. ಅದಕ್ಕೇ ಒಂದಷ್ಟು ದಿನ ಮುಟ್ಟಿರಲಿಲ್ಲ. ತಡೀಲಿಲ್ಲ. ಅಳಿಸಿಬಿಡಿ. ನಾನೇನು ಮಾಡ್ಬೇಕು ಹೇಳಿ."

ಅಕ್ಕ ಹೇಳಿಕೊಟ್ಟಳು. ನಾವು ಮುಚ್ಚಿದ ಮೇಲೆ ತಂಗಿಯ ಮುಖ ಕಾಣುತ್ತದೆ, ಮುಖ ಒತ್ತಬೇಡಿ. ಪಕ್ಕದಲ್ಲಿ ಮೂರು ಚುಕ್ಕಿ ಇವೆ, ಅವನ್ನು ಒತ್ತಿ. ಕೆಂಪು ಅಕ್ಷರ ಬಂದರೆ ಅದನ್ನು ಒತ್ತಿ. ಮುಖ ಹೋಗುತ್ತದೆ, ಆಮೇಲೆ ಪಾಸ್‌ವರ್ಡ್ ಇಲ್ಲದೆ ತೆರೆಯುವುದಿಲ್ಲ.

"ಆಯ್ತು. ಚುಕ್ಕಿ, ಕೆಂಪು," ಅಂದರು ಆಕೆ. ನಂತರ ಇನ್ನೊಂದು ವಾಯ್ಸ್: "ಒಂದು ಐದು ನಿಮಿಷ ಕೊಡಿ. ಹಲ್ಲು ಬಿದ್ದಿದ್ದನ್ನ ನೋಡ್ಕೊಂಡು ಬಿಡ್ತೀನಿ."

ಹತ್ತು ನಿಮಿಷ ಕೊಟ್ಟೆ. ಆಮೇಲೆ ಪಾಸ್‌ವರ್ಡ್ ಹೊಡೆದು ಮತ್ತೆ ಅಳಿಸಿದೆ. ಮತ್ತೆ ಮೂವತ್ತು ದಿನ.

ಇಪ್ಪತ್ತನಾಲ್ಕನೆಯ ಸಂಜೆ ಗೇಟಿನ ಹೊರಗೆ ಬಾವ ನಿಂತಿದ್ದರು. ಬೈಕಿಗೆ ಒರಗಿ, ಕೈಯಲ್ಲಿ ಎರಡು ಫೋನು.

"ಚೆನ್ನಾಗಿದ್ದೀಯಾ?" ಅಂದರು. "ಪಕ್ಕದ ಮನೆಯವಳು ನೋಡಿದ್ದಾಳೆ, ಅಮ್ಮನ ಫೋನಲ್ಲಿ ನಿನ್ನ ಅಕೌಂಟ್ ಇತ್ತಂತೆ. ಮಗು ಫೋಟೋ ಬರ್ತಿತ್ತಂತೆ. ಈಗ ನಂಬರ್ ಕೇಳುತ್ತೆ, ಪಾಸ್‌ವರ್ಡ್ ಕೇಳುತ್ತೆ. ನಂಬರ್ ನೆನಪಿದೆ. ಪಾಸ್‌ವರ್ಡ್ ಏನಿಟ್ಟಿದ್ದೆ ನಿನಗೆ?"

ಅವರ ಮೊಣಕಾಲಿನ ಪಕ್ಕದಲ್ಲೇ ನಂಬರ್ ಪ್ಲೇಟು. ಇಡೀ ದಿನ ತಪ್ಪನ್ನೇ ಹುಡುಕುವ ಕಣ್ಣು ನನ್ನದು, ಹೋಗಬಾರದ ಕಡೆಗೇ ಹೋಗುತ್ತದೆ. ಅವರ ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತಾ ನಿಂತೆ.

"ನನಗೆ ನೆನಪಿಲ್ಲ ಬಾವ. ನೀವೇ ಹಾಕಿದ್ದು."

"ನಿನಗೆ ಯಾವತ್ತು ಏನು ನೆನಪಿತ್ತು," ಎಂದು ನಕ್ಕು ಒತ್ತತೊಡಗಿದರು. ಪುಟ್ಟಿ ಹುಟ್ಟಿದ ತಾರೀಕು. ತಪ್ಪು. ಮದುವೆಯ ತಾರೀಕು. ತಪ್ಪು. "ಅಮ್ಮ ಬಾಯೇ ಬಿಡ್ತಿಲ್ಲ. ಎರಡು ದಿನದಿಂದ ಬಾಗಿಲು ಹಾಕಿ ಕೂರಿಸಿದ್ದೀನಿ."

ಬಾಗಿಲು ಅಂದಾಗ ನಾನು ಅವರ ಕೈ ನೋಡಿದೆ.

ಆಗ ವಾಚ್‌ಮನ್ ಹತ್ತಿರ ಬಂದ. ಗೇಟಿನ ಮುಂದೆ ನಿಂತ ಗಾಡಿ ಪುಸ್ತಕಕ್ಕೆ ಹತ್ತಲೇಬೇಕು. ಬಗ್ಗಿ ಪ್ಲೇಟು ನೋಡಿ ಗೂಡಿನ ಕಡೆ ಕೂಗಿದ: "ನಾಲ್ಕು, ಒಂದು, ಸೊನ್ನೆ, ಏಳು."

"ಏನು?" ಎಂದಿತು ಗೂಡು.

"ನಾಲ್ಕು, ಒಂದು, ಸೊನ್ನೆ, ಏಳು."

ಬಾವನ ಹೆಬ್ಬೆರಳು ಫೋನಿನ ಮೇಲೆ ನಿಂತಿತು. ಅವರು ತಲೆಯೆತ್ತಿದರು.

"ಏನ್ರೀ ಕಿವಿ ಹತ್ರ ಕೂಗ್ತೀರಿ? ಮನುಷ್ಯ ನೆನಪು ಮಾಡ್ಕೋಬೇಕೋ ಬೇಡ್ವೋ?"

ಹಿಂದಿನಿಂದ ಬಟನ್ ಅಕ್ಕ ಬಂದು ನನ್ನ ರಟ್ಟೆ ಹಿಡಿದಳು. "ಮರೆವಿಗೆ ಬಾದಾಮಿ ಒಳ್ಳೇದಪ್ಪ. ಬಾರೆ, ಬಸ್ ಹೋಗುತ್ತೆ."

ಬಾವ ಸಿಟ್ಟಿನಲ್ಲಿ ಇನ್ನೆರಡು ಸಲ ಒತ್ತಿದರು. ತುಂಬಾ ಸಲ ತಪ್ಪಾಗಿದೆ, ನಾಳೆ ನೋಡಿ ಎಂದಿತು ಫೋನು.

"ನಾಳೆ ನೆನಪಾಗುತ್ತೆ," ಅಂದರು ಬೈಕು ಹತ್ತುತ್ತಾ. "ನಾನು ಯಾವುದನ್ನೂ ಮರೆಯೋನಲ್ಲ."

ಉಳಿದದ್ದು ಆರು ದಿನ. ಬಟನ್ ಅಕ್ಕ ಸಂಜೆ ಹುಡುಕುವಾಗ ನಾನು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. "ಇಲ್ಲ" ಅಂದಮೇಲೆ ತಿರುಗುತ್ತಿದ್ದೆ. ಮೂವತ್ತನೆಯ ಸಂಜೆಯೂ ಇಲ್ಲ. ಮೂವತ್ತೊಂದನೆಯ ಸಂಜೆಯೂ ಇಲ್ಲ.

"ಮುಗೀತು," ಅಂದಳು. "ಇನ್ನು ಅವನು ಹಣೆ ಚಚ್ಚಿಕೊಂಡ್ರೂ ಸಿಗಲ್ಲ."

ನನ್ನ ಅಕೌಂಟಿಗೆ ಬಂದ ಆ ರಾಶಿ ಫೋಟೋಗಳಲ್ಲಿ ಒಂದೂ ಈಗ ನನ್ನ ಬಳಿಯಿಲ್ಲ. ಅತ್ತೆಯ ಬಾಗಿಲು ತೆರೆದರೋ ಇಲ್ಲವೋ, ತಿಳಿಯಲು ನಮಗೆ ದಾರಿಯಿಲ್ಲ. ಹೊಸ ಹಲ್ಲಿನ ತುದಿ ಕಾಣುತ್ತಿದೆ ಎಂದು ಅಕ್ಕ ಹೇಳಿದಳು. "ಫೋಟೋ ತೆಗೆದೆ. ಯಾರಿಗೂ ಕಳಿಸಿಲ್ಲ," ಅಂದಳು.

ನನ್ನ ಮೇಜು ಕಿಟಕಿಯ ಪಕ್ಕ. ಗೇಟಿನ ಕೂಗು ಅಲ್ಲಿಗೆ ಕೇಳುತ್ತದೆ. ನಿನ್ನೆ ಮಧ್ಯಾಹ್ನ ವಾಚ್‌ಮನ್ "ನಾಲ್ಕು" ಅಂದ. ಅಂಗಿಯ ಮೇಲೆ ನನ್ನ ಕೈ ನಿಂತಿತು. "ನಾಲ್ಕು, ಒಂದು" ಅಂದ. ಯಾವುದೋ ಲಾರಿ ಹಾರ್ನ್ ಹೊಡೆಯಿತು, ಉಳಿದದ್ದು ಕೇಳಿಸಲಿಲ್ಲ. ಎದ್ದು ಕಿಟಕಿಯ ಬಳಿ ಹೋಗಲೂ ಇಲ್ಲ. ಕೈಯಲ್ಲಿದ್ದ ಅಂಗಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಸಂಜೆ ನೋಡಿದರೆ ಅದರ ಮೇಲೆ ಐದು ಕೆಂಪು ಬಾಣಗಳಿದ್ದವು.