ಹಿಂಡಿನ ನೆರಳು

ಕುಷ್ಟಗಿ ಸೀಮೆಯಲ್ಲಿ ನಿಜಾಮ ಸರ್ಕಾರದ ಕಡೆಗಾಲದ ಒಂದು ಬೇಸಿಗೆ. ಬೆಳಕು ಹರಿಯುವ ಮೊದಲೇ ತಳವಾರ ಮಾರೆಪ್ಪ ಡಂಗುರ ಸಾರಿದ್ದ: “ಪಕ್ಕದೂರಾಗ ಬಿಸಲ ಬಡದು ಇಬ್ಬರು ಸತ್ತಾರ್ರೆಪೋ! ಹೊತ್ತೇರಿದ ಮ್ಯಾಲೆ ಬಯಲಿಗೆ ಹೋಗಬಾರದಂತ ಪಾಟೀಲರ ಹುಕುಂ ಐತ್ರೆಪೋ!”

“ಇವತ್ತೊಂದಿನ ಹೋಗಬ್ಯಾಡ್ರಿ,” ಎಂದಳು ಯಮನೂರಮ್ಮ.

“ಕುರಿ ಹೊಟ್ಟಿಗೆ ಡಂಗುರ ಕೇಳಸ್ತೈತೇನು?” ಎಂದು ನಕ್ಕ ಅವಳ ಗಂಡ ಕನಕಪ್ಪ, ಕಂಬಳಿ ಹೆಗಲಿಗೇರಿಸಿ ಹಿಂಡು ಹೊಡೆದುಕೊಂಡು ಹೋದ. ಆ ಗಂಡಸಿಗೆ ಬುದ್ಧಿ ಹೇಳುವ ಬದಲು ಗೋಡೆಗೆ ಹೇಳಬಹುದಿತ್ತು.

ದಿನಾ ನಡುಮಧ್ಯಾಹ್ನಕ್ಕೆ ಹಿಂಡು ಊರ ಬಾವಿಗೆ ನೀರಿಗೆ ಬರುತ್ತಿತ್ತು. ಅಂದು ಬರಲಿಲ್ಲ. ಕಾದು ಕಾದು ಕೊನೆಗೆ ಯಮನೂರಮ್ಮ ಎದ್ದಳು. ಕೊಡ ತುಂಬಿ ಹೊತ್ತು ನಡೆದೇಬಿಟ್ಟಳು.

ಎಂಥ ಬಿಸಿಲು ಅದು! ಎರೆಹೊಲ ಕಾದ ಹಂಚಾಗಿತ್ತು. ಕಾಗೆ ಕೂಡ ಕೂಗುತ್ತಿರಲಿಲ್ಲ. ಇಷ್ಟು ದೊಡ್ಡ ಬೆಳಕಿನೆದುರು ತಾನು ಏನೇನೂ ಅಲ್ಲ ಅನ್ನಿಸಿತು ಅವಳಿಗೆ.

ಒಂದು ಗಿಡವೂ ಇಲ್ಲದ ಬಯಲ ನಡುವೆ ಹಿಂಡು ಕಂಡಿತು. ತಲೆಗಳೆಲ್ಲ ಒಳಗೆ, ಬಾಲಗಳೆಲ್ಲ ಹೊರಗೆ, ಒತ್ತೊತ್ತಾಗಿ ನಿಂತಿದ್ದವು. ಅವುಗಳ ಕಾಲಡಿಯಿಂದ ಕನಕಪ್ಪನ ಕಾಲೊಂದು ಚಾಚಿಕೊಂಡಿತ್ತು.

“ತುಳದು ಕೊಂದ್ವಲ್ಲೋ ಶಿವನೇ!” ಬಿದ್ದಿದ್ದ ಕೋಲೆತ್ತಿಕೊಂಡು ಸಿಕ್ಕಸಿಕ್ಕಲ್ಲಿ ಬಾರಿಸಿದಳು. ಕುರಿಗಳು ದಿಕ್ಕಾಪಾಲಾದವು.

ಗಂಡನ ಮೈಮೇಲೆ ಗೊರಸಿನ ಒಂದು ಗೀರೂ ಇರಲಿಲ್ಲ. ಬೆವರಿಲ್ಲದ ಮೈ ಕೈಯಿಡಲಾಗದಷ್ಟು ಸುಡುತ್ತಿತ್ತು. ಬಿಸಿಲು ಮುಖಕ್ಕೆ ಬಿದ್ದದ್ದೇ ತಡ, ನರಳಿದ. ಅವನ ಪಕ್ಕದ ಮಣ್ಣು ಮುಟ್ಟಿ ನೋಡಿದಳು; ಅದು ಸುಡುತ್ತಿರಲಿಲ್ಲ. ಅಷ್ಟು ಹೊತ್ತು ಅವನಿಗೆ ನೆರಳಾಗಿದ್ದವು ಕುರಿಗಳೇ. ಆ ನೆರಳನ್ನು ಅವಳೇ ಹೊಡೆದು ಓಡಿಸಿದ್ದಳು.

ಕಂಬಳಿಗೆ ನೀರು ಹುಯ್ದು ಹೊದಿಸಿದಳು. ಸೆರಗು ಹರವಿ ಹಿಡಿದಳು. ಅದರ ನೆರಳು ಯಾವ ಮೂಲೆಗೆ ಸಾಕು? “ತಪ್ಪಾತು, ಬರ್ರೆವ್ವಾ, ಬರ್ರಿ!” ಎಂದು ಕುರಿಗಳನ್ನು ಕೂಗಿದಳು. ಅವು ಅವಳ ಪಕ್ಕದಲ್ಲಿದ್ದ ಕೋಲನ್ನೇ ನೋಡುತ್ತಿದ್ದವು. ಅದನ್ನು ದೂರ ಎಸೆದು, ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು.

ಗಂಟೆ ಕಟ್ಟಿದ ಮುದಿ ಟಗರು ಮೊದಲು ಬಂದು ಅವಳ ನೆರಳಿಗೆ ತಲೆ ತೂರಿಸಿತು. ಅದರ ನೆರಳಿಗೆ ಇನ್ನೊಂದು, ಇನ್ನೊಂದರ ನೆರಳಿಗೆ ಮತ್ತೊಂದು. ತಮ್ಮ ತಲೆ ಉಳಿಸಿಕೊಳ್ಳಲು ಬಂದವು ಅನ್ನುವವರು ಅನ್ನಲಿ. ಯಮನೂರಮ್ಮನ ಮೈ ಜುಮ್ಮೆಂದಿತು. ಬರಬರುತ್ತ ಅವರಿಬ್ಬರ ಮೇಲೆ ಬಿಸಿಲೇ ಬೀಳದಾಯಿತು.

ಹೊತ್ತು ವಾಲಿದಾಗ ಕನಕಪ್ಪ ಕಣ್ಣು ಬಿಟ್ಟ. ಬಾಯಿಗೆ ಹನಿಹನಿಯಾಗಿ ನೀರು ಬಿಟ್ಟಳು.

“ಕುರಿ ನೀರು ಕುಡದುವೇನು?” ಎಂದ.

ಬಾವಿಯ ದಾರಿ ಅವಕ್ಕೆ ಗೊತ್ತಿತ್ತು. ಒಂದೂ ಹೋಗಿರಲಿಲ್ಲ.

“ಇನ್ನೂ ಇಲ್ರಿ,” ಎಂದಳು. “ನೀವು ಏಳೂದನ್ನ ಕಾಯಾಕತ್ತಾವ.”