ಒಂಬತ್ತನೆಯ ನಟ್ಟು

ಎಂಟು ನಟ್ಟು ಕೂತವು. ಒಂಬತ್ತನೆಯದಕ್ಕೆ ವಸಿಷ್ಠನ ಕೈ ಹೋಗಲಿಲ್ಲ.

ಶ್ರೀಗೌರಿ ರೇಷ್ಮೆ ಸೀರೆ ಉಟ್ಟು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಗಂಟೆ ಒಂಬತ್ತೂಮುಕ್ಕಾಲು. ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಎಂಟೂವರೆಯ ಬಸ್ಸು ಹೋಗಿತ್ತು, ಒಂಬತ್ತೂಕಾಲಿನದೂ ಹೋಗಿತ್ತು. ಎರಡು ಸಲವೂ ಅವಳು ಬಸ್ಸಿನ ಮಾತೆತ್ತಿದ್ದಳು. ಎರಡು ಸಲವೂ ಗಂಡ ಕಾರಿನ ಇಂಜಿನ್ನಿನೊಳಗಿಂದ ತಲೆ ಎತ್ತದೆ, ಇನ್ನರ್ಧ ಗಂಟೆ ಎಂದಿದ್ದ.

ಚನ್ನರಾಯಪಟ್ಟಣದ ತವರಿನಲ್ಲಿ ಅವಳ ತಂಗಿ ತನ್ಮಯಿಗೆ ಏಳನೆಯ ತಿಂಗಳಿನ ಬಳೆ ತೊಡಿಸುವ ಶಾಸ್ತ್ರ. ಬುಧವಾರ, ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಮುಗಿಯಬೇಕು. ಆ ಮನೆತನದಲ್ಲಿ ಮೊದಲ ಜೊತೆ ಬಳೆಯನ್ನು ಒಡಹುಟ್ಟಿದ ಅಕ್ಕ ತೊಡಿಸುವ ಪದ್ಧತಿ. ಆದರೆ ಶ್ರೀಗೌರಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಡಿಲು ತುಂಬಿರಲಿಲ್ಲ. ತಾಯಿಯಿಲ್ಲದ ಮನೆಯಲ್ಲಿ ಯಜಮಾನಿಕೆ ಮಾಡುವ ಸೋದರತ್ತೆ ಚೂಡಾಮಣಿ, ಮಕ್ಕಳಾದವರ ಕೈಯಲ್ಲಿ ತೊಡಿಸಿದರೆ ಒಳ್ಳೆಯದಲ್ಲವೇ ಎಂದು ರಾಗ ತೆಗೆದಿದ್ದಳು. ತನ್ಮಯಿ ಹಠ ಹಿಡಿದಳು. ಅಕ್ಕ ತೊಡಿಸದಿದ್ದರೆ ನಾನು ಹಸೆಗೇ ಕೂರುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಳು. ಆ ಮಾತನ್ನು ಶ್ರೀಗೌರಿ ಹದಿನೈದು ದಿನದಿಂದ ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿ ಇಟ್ಟುಕೊಂಡು ಓಡಾಡಿದ್ದಳು. ನಿನ್ನೆ ಬಳೆಗಾರ್ತಿ ಸುವರ್ಣಮ್ಮನನ್ನು ಕರೆಸಿ ಒಂದೊಂದು ಕೈಗೂ ಡಜನ್ ಹಸಿರು ಗಾಜಿನ ಬಳೆ ಇಡಿಸಿಕೊಂಡಿದ್ದಳು. ಚಿನ್ನದ ಬಳೆಗಳು ಹೋದ ವರ್ಷವೇ ಮಾರಾಟವಾಗಿ ಕಾರಿನೊಳಗೆ ಸೇರಿಹೋಗಿದ್ದವು.

ವಸಿಷ್ಠ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ ಕೊಂಡ ದಿನದಿಂದ ಅದಕ್ಕೆ ಇನ್ನಷ್ಟು ವೇಗ ತುಂಬುವುದೇ ಅವನ ಧ್ಯಾನ. ೨೦೦೪ರ ಆ ಬೇಸಿಗೆ ರಜೆಯಲ್ಲಿ ಕೊಯಮತ್ತೂರಿನಿಂದ ಪಾರ್ಸಲ್ಲಿನಲ್ಲಿ ಹೆಡರ್ಸ್ ತರಿಸಿದ್ದ: ಇಂಜಿನ್ನಿನ ಹೊಗೆಯನ್ನು ಹೊರಕ್ಕೆ ತರುವ ನಾಲ್ಕು ಉಕ್ಕಿನ ಕೊಳವೆಗಳು, ಕೆಳಗೆ ಹೋಗಿ ಒಂದಾಗುವಂಥವು. ಕಾರಿನೊಂದಿಗೆ ಬಂದ ಎರಕದ ಕಬ್ಬಿಣವನ್ನು ಬಿಚ್ಚಿ ಇದನ್ನು ಕೂರಿಸಿದರೆ ಇಂಜಿನ್ ಸಲೀಸಾಗಿ ಉಸಿರು ಬಿಡುತ್ತದೆ ಎನ್ನುತ್ತಿದ್ದ. ತೆಂಗಿನಕಾಯಿ ಸುಲಿಯಲು ಬಂದಿದ್ದ ಗುಂಡಯ್ಯ ಬೆಳಿಗ್ಗೆ ಅದನ್ನು ನೋಡಿ, “ಎಮ್ಮೆ ಕೆಚ್ಚಲಿದ್ದಂಗದೆ ಕಣ್ ಸ್ವಾಮಿ, ಎಷ್ಟ್ ಲೀಟ್ರು ಕೊಡ್ತದೆ?” ಎಂದಿದ್ದ. ವಸಿಷ್ಠ ನಗಲಿಲ್ಲ.

ಅವನು ಕೂಗಾಡುವ ಗಂಡಸಲ್ಲ, ಕೈ ಎತ್ತಿದವನೂ ಅಲ್ಲ. ಮಾತು ನಿಲ್ಲಿಸುತ್ತಿದ್ದ, ಅಷ್ಟೇ. ಒಮ್ಮೆ ಕಾರಿನ ಸೀಟಿನ ಮೇಲೆ ಅವಳ ಕೈಯಿಂದ ಎಣ್ಣೆ ಸೀಸೆ ಉರುಳಿದ್ದಕ್ಕೆ ಹತ್ತೊಂಬತ್ತು ದಿನ ಮಾತಾಡಲಿಲ್ಲ. ಎದುರಿಗೆ ಕೂತು ಉಂಡ, ಸಾರು ಬೇಕಾದಾಗ ಲೋಟದಿಂದ ತಟ್ಟೆ ಕುಟ್ಟಿದ. ಇಪ್ಪತ್ತನೆಯ ಬೆಳಿಗ್ಗೆ ಏನೂ ಆಗದವನಂತೆ ಕಾಫಿ ಕೇಳಿದ. ಆ ಹತ್ತೊಂಬತ್ತು ದಿನದಲ್ಲಿ ಶ್ರೀಗೌರಿಗೆ ತಾನು ಮನೆಯಲ್ಲಿದ್ದೇನೆಯೇ ಎಂಬುದೇ ಅನುಮಾನವಾಗಿಬಿಟ್ಟಿತ್ತು.

“ಗೌರೀ, ಬಾ ಇಲ್ಲಿ. ಬಲಗೈ ಕೊಡು.”

ಅವಳು ಹೋಗಿ ಕೈ ಚಾಚಿದಳು. ಅವನು ಬೆರಳುಗಳನ್ನು ಒತ್ತಿ ಸೇರಿಸಿ, ಅಂಗೈ ಮಡಿಸಿ, ತಿರುಗಿಸಿ ನೋಡಿದ. ಎಂಟು ವರ್ಷದಲ್ಲಿ ಅವಳ ಕೈಯನ್ನು ಅವನು ಇಷ್ಟು ಗಮನವಿಟ್ಟು ಹಿಡಿದದ್ದೇ ಇಲ್ಲ. ಕೊಳವೆಗಳ ಸಂದಿಯಲ್ಲಿ, ತಳದ ನಡುವೆ ಇದೆ ಆ ನಟ್ಟು. ಇಷ್ಟು ಸಣ್ಣ ಕೈಯಾದರೆ ಸಲೀಸಾಗಿ ಹೋಗುತ್ತದೆ ಎಂದ. ಆಮೇಲೆ ಬಳೆ ತೆಗೆಯಲು ಹೇಳಿದ.

“ಬರಲ್ಲ ರೀ, ಬಿಗಿಯಾಗಿ ಇಟ್ಟಿದಾರೆ. ಬಸ್ಸಲ್ಲಿ ಹೋಗ್ಬರೋಣ. ಸಂಜೆ ಬಂದು ನಾನೇ ಕೈ ಹಾಕ್ತೀನಿ.”

ಅವನು ಸ್ಪ್ಯಾನರನ್ನು ಸದ್ದಾಗದಂತೆ ಕೆಳಗಿಟ್ಟ. ಹಳೆ ಬನಿಯನ್ನಿನ ಚೂರಿನಿಂದ ಒಂದೊಂದೇ ಬೆರಳು ಒರೆಸಿಕೊಂಡ. ಹೊರಗೆ ಬೀದಿಯ ಕಡೆ ನೋಡುತ್ತ ನಿಂತ. ಹತ್ತೊಂಬತ್ತು ದಿನಗಳು ಹೇಗೆ ಶುರುವಾಗುತ್ತವೆ ಎಂಬುದು ಶ್ರೀಗೌರಿಗೆ ಗೊತ್ತಿತ್ತು.

“ಆಯ್ತು. ಏನ್ಮಾಡಬೇಕು ಹೇಳಿ,” ಎಂದಳು.

ಮೊದಲು ಸೋಪು ಹಚ್ಚಿದ, ಆಮೇಲೆ ಗ್ರೀಸು. ಸೆಕೆಗೆ ಕೈ ಬಾತಿತ್ತು. ಬಳೆಗಳು ಹೆಬ್ಬೆರಳಿನ ಗೆಣ್ಣಿನವರೆಗೆ ಬಂದು ನಿಂತವು. ಆಗ ಕಟಿಂಗ್ ಪ್ಲೇಯರ್ ತೆಗೆದುಕೊಂಡ. ಸಿಪ್ಪೆ ಗುಡ್ಡೆಯ ಹತ್ತಿರ ಇದ್ದ ಗುಂಡಯ್ಯ ಎದ್ದು ನಿಂತ.

“ಬ್ಯಾಡಿ ಸ್ವಾಮಿ. ತಾಯಿ ಒಳ್ಳೇ ಕೆಲ್ಸಕ್ಕೆ ಒಂಟವ್ರೆ.”

“ಗಾಜು ಕಣಯ್ಯ ಇದು. ಮರಳು ಕರಗಿಸಿ ಮಾಡಿರೋದು,” ಎಂದ ವಸಿಷ್ಠ, ಪಾಠ ಹೇಳುವ ದನಿಯಲ್ಲಿ.

ಬಾನೆಟ್ಟಿನಿಂದ ದೂರ ಕರೆದುಕೊಂಡು ಹೋಗಿ, ನೆಲಕ್ಕೆ ಪೇಪರ್ ಹಾಸಿ, ಅದರ ಮೇಲೆ ಕೈ ಹಿಡಿಯಲು ಹೇಳಿದ. ಒಂದು ಚೂರು ಇಂಜಿನ್ನಿಗೆ ಬಿದ್ದರೂ ಕೆಲಸ ಕೆಟ್ಟಿತು ಎಂದ. ಚರ್ಮಕ್ಕೆ ತಾಗದ ಹಾಗೆ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ, ಹನ್ನೆರಡು ಬಳೆಯನ್ನೂ ಮುರಿದ. ಒಂದು ಗೀರೂ ಆಗಲಿಲ್ಲ. ಅವಳಿಗೆ ಅಳುವುದಕ್ಕೊಂದು ನೆಪವೂ ಸಿಗಲಿಲ್ಲ.

ಕೈ ಹೋಯಿತು. ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳ ತುದಿಯಿಂದ ನಟ್ಟನ್ನು ಬೋಲ್ಟಿನ ಎಳೆಗೆ ಕೂರಿಸಿ ತಿರುಗಿಸಿದಳು. ಆಮೇಲೆ ಅವನು ಕೊಟ್ಟ ಗಿಡ್ಡ ಸ್ಪ್ಯಾನರಿನಿಂದ ಕಾಲು ಸುತ್ತು, ಕಾಲು ಸುತ್ತು. ಹತ್ತೂವರೆಗೆ ಕಾರು ಸ್ಟಾರ್ಟ್ ಆಯಿತು. ಹೊಸ ಉಕ್ಕಿನ ಮೇಲಿನ ಎಣ್ಣೆ ಸುಟ್ಟು ಹೊಗೆಯೆದ್ದಿತು, ಶೆಡ್ಡಿನ ತಗಡು ಅದುರಿತು. ವಸಿಷ್ಠ ಮಗುವಿನ ಹಾಗೆ ನಕ್ಕ.

ಸೀಮೆಎಣ್ಣೆಯಲ್ಲಿ ತೊಳೆದರೂ ಉಗುರಿನ ಕಪ್ಪು ಹೋಗಲಿಲ್ಲ. ಕಾರು ಪೇಟೆಬೀದಿಗೆ ಬಂದಾಗ, ಬಳೆ ಅಂಗಡಿಯ ಮುಂದೆ ಎರಡು ನಿಮಿಷ ನಿಲ್ಲಿಸಿ ಎಂದಳು.

“ಬಳೆ ಶಾಸ್ತ್ರಕ್ಕೇ ತಾನೆ ಹೋಗ್ತಿರೋದು? ಅಲ್ಲಿ ಬಳೆಗೇನು ಬರ?” ಎಂದು ಅವನು ಗೇರ್ ಬದಲಿಸಿದ. ಹೊಸ ಕೊಳವೆ ಹದವಾಗಿ ಕಾಯಬೇಕು, ಈಗ ನಿಲ್ಲಿಸಬಾರದು ಎಂದ.

ದಾರಿಯುದ್ದಕ್ಕೂ ಅವಳು ಎಡಗೈಯ ಬಳೆಗಳಲ್ಲಿ ನಾಲ್ಕನ್ನಾದರೂ ಬಲಗೈಗೆ ಸಾಗಿಸಲು ನೋಡಿದಳು. ಗೆಣ್ಣು ಕೆಂಪಾಯಿತು, ಒಂದೂ ಬರಲಿಲ್ಲ. ಪಕ್ಕದಲ್ಲಿ ಅವನು ಸದ್ದಿನ ಬಗ್ಗೆ ಮಾತಾಡುತ್ತಲೇ ಇದ್ದ. ತಿಂಗಳುಗಳಿಂದ ಅವನು ಅವಳೊಂದಿಗೆ ಇಷ್ಟು ಮಾತಾಡಿರಲಿಲ್ಲ.

ಅವರಿಗಿಂತ ಮೊದಲು ಕಾರಿನ ಸದ್ದು ಚನ್ನರಾಯಪಟ್ಟಣದ ಮನೆ ಮುಟ್ಟಿತು. ಗಂಡಸರೆಲ್ಲ ಜಗುಲಿಯಿಂದ ಇಳಿದು ಬಂದರು. ಹನ್ನೊಂದೂವರೆ. ಶ್ರೀಗೌರಿ ಬಲಗೈಗೆ ಸೆರಗು ಸುತ್ತಿಕೊಂಡು ನೇರ ನಡುಮನೆಗೆ ಹೋದಳು. ತನ್ಮಯಿ ಹಸೆಮಣೆಯ ಮೇಲೆ ಮೊಗ್ಗಿನ ಜಡೆ ಹೆಣೆಸಿಕೊಂಡು ಕೂತಿದ್ದಳು. ಅಕ್ಕನನ್ನು ಕಂಡು ಅವಳ ಮುಖ ಅರಳಿತು, ಎರಡೂ ಕೈ ಮುಂದಕ್ಕೆ ಚಾಚಿದಳು.

ಶ್ರೀಗೌರಿ ತಟ್ಟೆಯಿಂದ ಎಡಗೈಯಲ್ಲಿ ಬಳೆ ಎತ್ತಿಕೊಂಡಳು.

“ಎಡಗೈಯಲ್ಲಿ ಯಾರಾದ್ರೂ ತೊಡಿಸ್ತಾರೇನೇ?” ಎಂದಳು ಚೂಡಾಮಣಿ. “ಸೆರಗು ತೆಗಿ.”

ತೆಗೆದಳು. ಬೋಳು ಕೈ, ಉಗುರಿನ ಸಂದಿಯಲ್ಲಿ ಕಪ್ಪು, ಸೀಮೆಎಣ್ಣೆಯ ವಾಸನೆ. ಬಳೆ ಒಡೆಯಿತು ಎಂದು ಬಾಯಲ್ಲಿ ಆಡಬಾರದು, ಹೆಚ್ಚಿತು ಎನ್ನಬೇಕು; ಅದೂ ಇಂಥ ಮನೆಯಲ್ಲಿ, ಇಂಥ ದಿನ.

“ಹೆಚ್ಚಿತು ಅತ್ತೆ,” ಎಂದಳು.

“ಒಂದೋ ಎರಡೋ ಹೆಚ್ಚತ್ತೆ ಕಣೇ. ಹನ್ನೆರಡೂ ಹೆಚ್ಚತ್ತಾ?”

ಯಾರೋ ಮುಸಿಮುಸಿ ನಕ್ಕರು. ಪಕ್ಕದ ಮನೆಯ ಪ್ರೇಮಕುಮಾರಿ, ಮೂರು ಮಕ್ಕಳ ತಾಯಿ, ತಟ್ಟೆಯಲ್ಲಿರುವುದರಲ್ಲೇ ಎರಡು ಬಳೆ ಮೊದಲು ಗೌರಿಯ ಕೈಗೆ ಹಾಕಿಬಿಡೋಣ, ಅದರಲ್ಲೇನಿದೆ ಎಂದಳು. ಚೂಡಾಮಣಿ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಬಸುರಿಯ ಮನಸ್ಸಿಗೆ ಸರಿ ಬಂದ ಹಾಗೆ ಆಗಲಿ ಎಂದು ತನ್ಮಯಿಯ ಕಡೆ ತಿರುಗಿದಳು.

ತನ್ಮಯಿ ಅಕ್ಕನ ಕೈ ನೋಡಿದಳು. ಬಹಳ ಹೊತ್ತೇನೂ ಅಲ್ಲ. ಆಮೇಲೆ ಚಾಚಿದ್ದ ಕೈಗಳನ್ನು ಮೆಲ್ಲಗೆ ಎಳೆದುಕೊಂಡು ಹೊಟ್ಟೆಯ ಮೇಲಿಟ್ಟುಕೊಂಡಳು.

“ಟೈಮ್ ಆಗ್ತಿದೆ ಅತ್ತೆ,” ಎಂದಳು, ಯಾರ ಮುಖವನ್ನೂ ನೋಡದೆ. “ಪ್ರೇಮಕ್ಕನೇ ತೊಡಿಸಲಿ.”

ಶ್ರೀಗೌರಿ ಬಳೆಗಳನ್ನು ತಟ್ಟೆಗೆ ಹಾಕಿದಳು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಿದ್ದಾಗ ಹೊರಗಿನಿಂದ ವಸಿಷ್ಠನ ಕರೆ ಬಂತು. ಮೊದಲ ಕಾವಿಗೆ ನಟ್ಟು ಸಡಿಲವಾಗುವುದು ಇದ್ದದ್ದೇ, ಇನ್ನೊಂದು ಸಲ ಬಿಗಿಯಬೇಕು, ಟಿಕ್ ಟಿಕ್ ಅನ್ನುತ್ತಿದೆ, ಸ್ವಲ್ಪ ಬಂದು ಹೋಗು ಎಂದ. ಅವಳು ಹೊರಗೆ ಹೋದಳು.

ಕಾರು ಬಾನೆಟ್ ಎತ್ತಿ ನಿಂತಿತ್ತು. ಸುತ್ತ ಗಂಡಸರು. ತನ್ಮಯಿಯ ಗಂಡ, ಹೆಂಗಸರಿಂದ ಯಾಕೆ, ತಣ್ಣಗಾದ ಮೇಲೆ ಮೆಕ್ಯಾನಿಕ್ಕನ್ನು ಕರೆಸೋಣ ಎಂದು ಹೇಳುತ್ತಿದ್ದ.

“ಈ ನಟ್ಟಿಗೆ ಇವಳ ಕೈಯೇ ಸ್ಪ್ಯಾನರು ಕಣ್ರೀ,” ಎಂದ ವಸಿಷ್ಠ. ಎಲ್ಲರೂ ನಕ್ಕರು.

ಅವಳು ಕೈ ಇಳಿಸಿದಳು. ಕೊಳವೆಗಳು ಇನ್ನೂ ಕಾದಿದ್ದವು. ತಾಗದ ಹಾಗೆ ಹಿಡಿದರೂ ಮಣಿಕಟ್ಟು ಉರಿಯಿತು, ಒಮ್ಮೆ ತಾಗಿಯೂ ತಾಗಿತು. ಒಳಗೆ ಹೆಂಗಸರು ಹಾಡು ಎತ್ತಿದರು. ಸ್ಪ್ಯಾನರ್ ಒಂದು ಸಲ ತಿರುಗಿತು, ಇನ್ನೊಂದು ಸಲ ಅರ್ಧ ತಿರುಗಿ ಭದ್ರವಾಗಿ ನಿಂತಿತು.

“ಕೂತ್ಕೊಳ್ತಾ?” ಎಂದ ವಸಿಷ್ಠ.

ಬಾಗಿಲಲ್ಲಿ ಯಾರೋ ಬಂದು, ಗೌರೀ, ಆರತಿಗೆ ಬಾ, ಎಲ್ಲ ಕಾಯ್ತಿದಾರೆ ಎಂದರು.

“ಇನ್ನೂ ಇಲ್ಲ,” ಎಂದಳು ಅವಳು, ಇಬ್ಬರಿಗೂ ಸೇರಿಸಿ, ಮತ್ತು ಯಾರಿಗೂ ಕಾಣದ ಆ ಜಾಗದಲ್ಲಿ ಕೈಯನ್ನು ಹಾಗೆಯೇ ಇಟ್ಟುಕೊಂಡು ಬಗ್ಗಿ ನಿಂತಳು.