ಅಮೆರಿಕದವರ ಹೊಟ್ಟೆ

ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ಅಮೆರಿಕದ ಮಾತು ಬಂತೆಂದರೆ ಜನ ಗುರುಶಾಂತಮ್ಮನ ಮುಖ ನೋಡುತ್ತಿದ್ದರು. ಅಮೆರಿಕ ಇರಲಿ, ಆಕೆ ಸೊಲ್ಲಾಪುರ ದಾಟಿದವಳಲ್ಲ. ಆದರೆ ಎಪ್ಪತ್ತೈದನೆಯ ಇಸವಿಯ ಸುಗ್ಗಿಯಲ್ಲಿ, ಜೋಳದ ರೋಗ ನೋಡಲು ಬಂದ ವಾರನ್ ಎಂಬ ಅಮೆರಿಕದವನು ಆಕೆಯ ಮನೆಯಲ್ಲಿ ಒಂದು ಊಟ ಮಾಡಿ ಹೋಗಿದ್ದ. ಆ ಒಂದು ಊಟದಿಂದ ಆಕೆ ಇಡೀ ದೇಶವನ್ನು ಅಳೆದುಬಿಟ್ಟಿದ್ದಳು.

ವಾರನ್ ತಾಟು ಖಾಲಿ ಮಾಡಿದ, ಆಕೆ ರೊಟ್ಟಿ ಹಾಕಿದಳು. ಕಲಿತುಕೊಂಡು ಬಂದಿದ್ದ ಕನ್ನಡದಲ್ಲಿ "ಸಾಕು" ಎಂದ. ಸಾಕು ಎನ್ನದ ಬೀಗರು ಯಾರಿದ್ದಾರೆ? ನಿಜವಾಗಿ ಸಾಕಾದವರು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು. ಅವನು ಹಿಡಿಯಲಿಲ್ಲ. ಮತ್ತೆ ಹಾಕಿದಳು, ಮತ್ತೆ ಉಂಡ. ಬುಟ್ಟಿ ಬರಿದಾದ ಮೇಲೆ ಹೊತ್ತು ಮುಳುಗುವ ತನಕ ಬೇವಿನ ಗಿಡದ ಕೆಳಗೆ ಮಲಗಿದ. ಅಲ್ಲಿಗೆ ಆಕೆಯ ಅಧ್ಯಯನ ಪೂರ್ತಿಯಾಯಿತು: ಅಮೆರಿಕದವರ ಹೊಟ್ಟೆಗೆ ತಳವಿಲ್ಲ, ಉಂಡ ಮೇಲೆ ಅವರಿಗೆ ನಿದ್ದೆ ಬೇಕೇ ಬೇಕು. ಹೋಲಿಸಿ ನೋಡಲು, ಉಣ್ಣುವುದರಲ್ಲಿ ಹೆಸರಾದ ಜೇವರ್ಗಿಯ ಬೀಗರಿದ್ದರು. ಅವರೂ ಸೋತರು.

ವರ್ಷಗಳು ಕಳೆದು, ತಲೆ ಬೆಳ್ಳಗಾದ ಮೇಲೆ ಗುರುಶಾಂತಮ್ಮ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತಳು. ಶಾಲೆ ನೋಡಲು ಹೆಲೆನ್ ಎಂಬ ಅಮೆರಿಕದ ಹೆಣ್ಣುಮಗಳು ಬರುತ್ತಾಳೆಂದಾಗ ಮಾಸ್ತರ ಅಣ್ಣಾರಾಯ ಆಕೆಗೇ ಹೇಳಿದ: "ಆಯಿ, 'ಅಮೆರಿಕದವರು ಮತ್ತು ನಾವು' ಅಂತ ಒಂದು ಪುಟ ಬರದು ಓದ್ರಿ."

ತಾನು ಬರೆದದ್ದನ್ನು ಹತ್ತು ಜನರೆದುರು ಓದುವುದು ಅದೇ ಮೊದಲು. ನಡುವೆ ತಡವರಿಸಿ ಕುಳಿತರೆ ಮುಗಿಯಿತು, ಊರಿಗೆ ಆಕೆ ಮತ್ತೆ ಹೆಬ್ಬೆಟ್ಟಿನ ಗುರುಶಾಂತಮ್ಮನೇ. ಅದನ್ನೇ ನೋಡಲು ನೆರೆಮನೆಯ ಸಾಬವ್ವ ಮುಂದಿನ ಸಾಲಿನಲ್ಲಿ ಬಂದು ಕುಳಿತಿದ್ದಳು.

ಹೊಟ್ಟೆಯ ಸಾಲಿನ ತನಕ ಓದು ಸರಾಗವಾಗಿ ಸಾಗಿತು. ಅಣ್ಣಾರಾಯ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಹೆಲೆನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಏನೋ ಹೇಳಿದಳು. ಮಾಸ್ತರನ ಮುಖ ಸಣ್ಣದಾಯಿತು.

"ಆಯಿ, ಆ ವಾರನ್ನು ಇವರ ಗುರುಗಳಂತ್ರಿ. ವರ್ಷಾ ವರ್ಷಾ ಕ್ಲಾಸಿನ್ಯಾಗ ನಿಮ್ಮ ಮನಿ ಊಟದ ಪಾಠ ಮಾಡ್ತಾರಂತ. ಹಿಂದೂಸ್ತಾನದಾಗ ತಾಟಿನ್ಯಾಗ ಬಿಟ್ರ ಮನಿಯವರಿಗೆ ಸಿಟ್ಟು ಬರ್ತದ, ಅಳೂತನಕ ಉಣಸ್ತಾರ ಅಂತ. ಅವತ್ತ ಗಿಡದ ಬುಡಕ ಅವರು ಮಲಗಿದ್ದಿಲ್ಲಂತ್ರಿ. ಏಳಾಕ ಆಗಲಾರದೆ ಬಿದ್ದಿದ್ರಂತ."

"ಹೋತಲ್ಲಬೇ ನಿನ್ನ ಅಮೆರಿಕ!" ಸಾಬವ್ವ ತೊಡೆ ತಟ್ಟಿಕೊಂಡಳು. "ಇಷ್ಟು ವರ್ಷ ನಮ್ಮ ಕಿವಿ ತಿಂದಿ!"

ಗುರುಶಾಂತಮ್ಮ ಕೈಯೊಳಗಿನ ಹಾಳೆ ನೋಡಿದಳು. ಇನ್ನೂ ಅರ್ಧ ಪುಟವಿತ್ತು, ಅದರ ತುಂಬ ಹೊಟ್ಟೆಯದೇ ಸುದ್ದಿ. ಓದಿದರೆ ಸುಳ್ಳು, ಕುಳಿತರೆ ಸಾಬವ್ವ ಗೆದ್ದಳು. ಆಕೆ ಗಂಟಲು ಸರಿಮಾಡಿಕೊಂಡು, 'ಅಮೆರಿಕದವರು' ಎಂದಿದ್ದಲ್ಲೆಲ್ಲ 'ವಾರನ್' ಎಂದು ಓದುತ್ತ ಹೋದಳು. ಎಲ್ಲಿಯೂ ತಡವರಿಸಲಿಲ್ಲ. ಪುಟ ಮುಗಿದಾಗ ಆಕೆಯ ಪಾಂಡಿತ್ಯ ಮಾತ್ರ ಒಂದು ದೇಶದಿಂದ ಒಬ್ಬ ಮನುಷ್ಯನ ಹೊಟ್ಟೆಯಷ್ಟಕ್ಕೆ ಇಳಿದಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಹೆಲೆನ್. ಸಾಬವ್ವನೂ ಹೊಡೆದಳು, ಸಣ್ಣಗೆ.

ಆಮೇಲೆ ಎಲ್ಲರೂ ಆಕೆಯ ಮನೆಗೇ ಊಟಕ್ಕೆ ಹೋದರು. ಗುರುಶಾಂತಮ್ಮ ಹೆಲೆನ್‌ಳ ಎದುರಿಗೆ ಕುಳಿತು ಮೊದಲು ಪಾಠ ಹೇಳಿದಳು: "ಸಾಕಂದ್ರ ನಾ ಕೇಳಂಗಿಲ್ಲವ್ವ. ಹಿಂಗ ಕೈ ಅಡ್ಡ ಹಿಡಿಬೇಕು. ನಿನ್ನ ಗುರುಗೂ ಹೋಗಿ ಹೇಳು."

ಹೆಲೆನ್ ಒಳ್ಳೆಯ ವಿದ್ಯಾರ್ಥಿನಿ. ಎರಡು ರೊಟ್ಟಿ ಉಂಡು, ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

ಬಿಸಿರೊಟ್ಟಿ ಆ ಕೈಗಳ ಮೇಲೆ ಬಂದು ಬಿತ್ತು.

"ಏನಬೇ, ಈಗ ಕಲಿಸಿದ್ದು ಈಗೇ ಮರ್ತಿ?" ಎಂದಳು ಸಾಬವ್ವ.

"ಮರ್ತಿಲ್ಲ. ಆಕಿ ಖರೇ ಹಿಡದಾಳೋ, ನಾಚಿ ಹಿಡದಾಳೋ, ಹ್ಯಾಂಗ ತಿಳೀಬೇಕು?"

ಹೆಲೆನ್ ಕೈ ಮೇಲಿನ ರೊಟ್ಟಿಯನ್ನು ನೋಡಿದಳು, ಮುದುಕಿಯ ಮುಖ ನೋಡಿದಳು, ನಿಟ್ಟುಸಿರು ಬಿಟ್ಟು ಮುರಿದಳು. ಮುಂದಿನ ವರ್ಷ ಆ ದೇಶದ ಕ್ಲಾಸಿನಲ್ಲಿ ತನ್ನ ಮೇಲೆ ಇನ್ನೆಂಥ ಪಾಠ ನಡೆಯಲಿದೆಯೋ ಎಂದುಕೊಳ್ಳುತ್ತ ಗುರುಶಾಂತಮ್ಮ ಬುಟ್ಟಿಯೊಳಗೆ ಮತ್ತೆ ಕೈ ಹಾಕಿದಳು.